ಕೂಡಲು-ಕೂಡಾ ಸಂಬಂಧವಿಚಾರ ಅಥವಾ ಸಹಸ್ಮೃತಿಮೀಮಾಂಸೆ

ಜಿಪಿಯು ಎಂಬ ಯಂತ್ರದಲ್ಲಿ ಸಹಸ್ರಾರು ಗಣನೆಗಳನ್ನು ಏಕಕಾಲದಲ್ಲಿ ನಡೆಯಿಸುವುದಕ್ಕಾಗಿ ಎನ್‌ವಿಡಿಯಾ ಸಂಸ್ಥೆಯವರು 2007ನೆಯ ಇಸವಿಯಲ್ಲಿ ಲೋಕದ ಕೈಗಿತ್ತ 'ಕೂಡಾ' ಶಾಸ್ತ್ರದ ನಾಮಧೇಯವು ನಾಲ್ಕು ಆಂಗ್ಲಪದಗಳ ಮೊದಲಕ್ಷರಗಳಿಂದ ಹುಟ್ಟಿತೆಂದು ಪಾಶ್ಚಾತ್ಯ ಪಂಡಿತರು ನಂಬಿರುವರು. ಇದು ಪ್ರಮಾದ. ನಂಜುಂಡೇಶ್ವರನ ಸನ್ನಿಧಿಯನ್ನು ಹಾಯ್ದುಬಂದ ಕಪಿಲೆಯು ಕಾವೇರಿಯನ್ನು ಕೂಡುವ ಸ್ಥಳಕ್ಕೆ ತಿರುಮಕೂಡಲೆಂಬ ಹೆಸರಿರುವುದನ್ನು ಬಲ್ಲ ಯಾವ ಶಬ್ದಜ್ಞನೂ, ಲುಕಾರಕ್ಕೆ ಲೋಪವನ್ನೂ ಅಂತ್ಯಸ್ವರಕ್ಕೆ ದೀರ್ಘವನ್ನೂ ಉದಾರಬುದ್ಧಿಯಿಂದ ದಯಪಾಲಿಸಿದನಾದರೆ, ಈ ಪದದ ಮೂಲವನ್ನು ಟಿ. ನರಸೀಪುರದಿಂದಾಚೆಗೆ ಅರಸಲಾರನು.

ಪರಿಭಾಷೆಯೂ ಇದನ್ನೇ ಸಾರುತ್ತದೆ. ಅವರ ಥ್ರೆಡ್ಡು ನಮ್ಮ ಸೂತ್ರ. ಅವರ ಮೆಮೊರಿ ನಮ್ಮ ಸ್ಮೃತಿ. 32 ಸೂತ್ರಗಳ ಕಟ್ಟಿಗೆ ಅವರು 'ವಾರ್ಪ್' ಎಂದರೆ ನಮ್ಮ ಮಗ್ಗದವರು ಹಾಸು ಎನ್ನುತ್ತ ಬಂದಿರುವರು. ಸ್ಮೃತಿಗಳಲ್ಲಿ, ಅವರು 'ಗ್ಲೋಬಲ್ ಮೆಮೊರಿ' ಎನ್ನುವ ಮಹಾಸ್ಮೃತಿಯು ವಿಶಾಲವಾದರೂ ದೂರದ್ದು. ಅಲ್ಲಿಂದ ಒಂದಂಕೆಯನ್ನು ತರುವಷ್ಟರಲ್ಲಿ ಗಡಿಯಾರವು ನೂರಾರು ಬಾರಿ ಮಿಡಿದಿರುತ್ತದೆ. ಅವರು 'ಶೇರ್ಡ್ ಮೆಮೊರಿ' ಎನ್ನುವ ಸಹಸ್ಮೃತಿಯಾದರೋ ಮಗ್ಗುಲಲ್ಲೇ ಇದ್ದು, ಸಾಮಾನ್ಯವಾಗಿ 48 ಕಿಲೋಬೈಟನ್ನು ಮೀರದು. ಒಂದೇ ಗುಂಪಿನ 1024 ಸೂತ್ರಗಳು ಪಾಲಿಗೆ ನಿಂತವೆಂದರೆ ತಲೆಗೆ 48 ಬೈಟು. ಅವಿಭಕ್ತ ಕುಟುಂಬದ ಪಾಲುಪಟ್ಟಿಯನ್ನು ಕಂಡವರಿಗೆ ಇದು ಹೊಸತೆನಿಸದು.

ಇಷ್ಟು ಕಿರಿದಾದ ಪಾತ್ರೆಯಲ್ಲಿ ಇಷ್ಟು ಜನರು ಕೈಯಿಕ್ಕಿಯೂ ಕಲಹವಾಗದಿರಬೇಕಾದರೆ ಅನುಸರಿಸತಕ್ಕ ನಿಯಮವನ್ನು ನಂಜನಗೂಡಿನ ದಾಸೋಹದ ಪಂಕ್ತಿಯಲ್ಲಿ ಕಾಣಬಹುದು. ಎಲ್ಲರೆಲೆಗೂ ಬಡಿಸಿ ಮುಗಿಯುವ ತನಕ ಯಾರೂ ತುತ್ತೆತ್ತಕೂಡದು. ಎಲ್ಲರೂ ಉಂಡು ಮುಗಿಸುವ ತನಕ ಮುಂದಿನ ಪಂಕ್ತಿಗೆ ಎಲೆ ಹಾಕಕೂಡದು. ಅಂತೆಯೇ ಸೂತ್ರಗಳಿಗೂ ಕಾಯುವಿಕೆಗಳು ಎರಡು: ಬರೆದಾದ ಮೇಲೆ ಓದುವುದಕ್ಕೆ ಮುನ್ನ ಒಂದು, ಓದಿಯಾದ ಮೇಲೆ ಮರಳಿ ಬರೆಯುವುದಕ್ಕೆ ಮುನ್ನ ಮತ್ತೊಂದು. ಎಳೆಯರು ಮೊದಲನೆಯದನ್ನು ನೆನಪಿಟ್ಟು ಎರಡನೆಯದನ್ನು ಮರೆಯುವರಾಗಿ, ಉಣ್ಣುತ್ತಿರುವವನ ಪಾಯಸದ ಮೇಲೆ ಮುಂದಿನವನ ಸಾರು ಬೀಳುತ್ತದೆ. ಇನ್ನು, ಈ ಕಾಯುವಿಕೆಯನ್ನು 'ಇಂಥವರಾದರೆ ಮಾತ್ರ' ಎಂಬ ನಿಬಂಧನೆಯೊಳಗೆ ಅಡಗಿಸಿದರೆ, ಅರ್ಧ ಪಂಕ್ತಿಯು ಎಂದಿಗೂ ಬಾರದ ಉಳಿದರ್ಧಕ್ಕಾಗಿ ಕೈ ಒಣಗಿಸಿಕೊಂಡು ಕುಳಿತಿರಬೇಕಾಗುತ್ತದೆ. ಈ ಲೇಖಕನೇ ಒಂದು ರಾತ್ರಿಯೆಲ್ಲ ಅಂಥ ಪಂಕ್ತಿಯೊಂದರ ಎದುರು ಕುಳಿತು, ಯಂತ್ರವು ಗಹನವಾದ ಗಣಿತದಲ್ಲಿ ಮಗ್ನವಾಗಿದೆಯೆಂದು ಭ್ರಮಿಸಿದ್ದುಂಟು.

ಪ್ರಬಲವಾದ ಪ್ರಮಾಣವು ಇನ್ನು ಮುಂದಿದೆ. ಸಹಸ್ಮೃತಿಯು 32 ಕಣಜಗಳಾಗಿ ಹಂಚಿಹೋಗಿರುತ್ತದೆ; ನಾಲ್ಕು ನಾಲ್ಕು ಬೈಟಿನ ಸಂಖ್ಯೆಗಳು ಕಣಜಕ್ಕೊಂದರಂತೆ ಸರದಿಯಲ್ಲಿ ಸೇರುವುವು. ಸಾಲಿಗೆ 32ರಂತೆ 32 ಸಾಲುಗಳನ್ನಿರಿಸಿ ಅಡ್ಡಸಾಲಾಗಿ ಓದಿದರೆ ಸೂತ್ರಕ್ಕೊಂದು ಕಣಜ, ಒಂದೇ ಬಾರಿಗೆ ಕಾರ್ಯಸಿದ್ಧಿ. ಅದನ್ನೇ ಕಂಬಸಾಲಾಗಿ ಓದಿದರೆ ಮೂವತ್ತೆರಡೂ ಸೂತ್ರಗಳು ಒಂದೇ ಕಣಜದ ಬಾಗಿಲಿಗೆ ಮುಗಿಬಿದ್ದು, ಒಂದರ ಹಿಂದೊಂದು ನಿಲ್ಲಬೇಕಾಗುವುದು. ಪರಿಹಾರವಾಗಿ ಆಧುನಿಕರು ಸಾಲಿಗೆ 33 ಸ್ಥಾನಗಳನ್ನು ಕಲ್ಪಿಸುತ್ತಾರೆ. ಆಗ ಸಾಲುಸಾಲಿಗೂ ಕಣಜವು ಒಂದೊಂದು ಮನೆ ಸರಿದು ಜಗಳ ಹರಿಯುತ್ತದೆ. ಟಿ. ನರಸೀಪುರದ ಗುಂಜಾನರಸಿಂಹಸ್ವಾಮಿಯ ಕರದಲ್ಲಿ ಗುಲಗಂಜಿಯಿರುವುದನ್ನೂ, ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚೆಂಬ ಪ್ರತೀತಿಯನ್ನೂ ಅರಿತವರಿಗೆ ಇನ್ನು ಹೇಳಬೇಕಾದುದೇನು? 32 ಕಾಶಿ, 33 ತಿರುಮಕೂಡಲು. (ಆ ಕಾಶಿಯೇ ಅವರ ಬಾಯಲ್ಲಿ 'ಕ್ಯಾಶ್' ಆಗಿ ಸಹಸ್ಮೃತಿಯ ನೆರೆಯಲ್ಲೇ ಬೀಡುಬಿಟ್ಟಿರುವುದನ್ನು ಪ್ರತ್ಯೇಕ ಪ್ರಬಂಧದಲ್ಲಿ ವಿಚಾರಿಸುವೆನು.)

ಹೆಚ್ಚಿನ ಆ ಕಂಬಸಾಲಿನಲ್ಲಿ ಯಾರೂ ಏನನ್ನೂ ಇಡುವುದಿಲ್ಲವಾಗಿ 128 ಬೈಟು ವ್ಯರ್ಥವಲ್ಲವೆ ಎಂಬುದು ಪೂರ್ವಪಕ್ಷ. ಕಾವೇರಿ ಕಪಿಲೆಗಳೆರಡೇ ಕಣ್ಣಿಗೆ ಕಾಣುವ ಸಂಗಮವನ್ನು, ಕಾಣದ ಸ್ಫಟಿಕಸರೋವರವನ್ನೂ ಸೇರಿಸಿ ತ್ರಿವೇಣಿಯೆಂದೆಣಿಸಿ, 1989ರಿಂದ ಅಲ್ಲಿ ಕುಂಭಮೇಳದಲ್ಲಿ ಮೀಯುತ್ತಿರುವ ನಾಡಿನಲ್ಲಿ ಈ ಆಕ್ಷೇಪವನ್ನೆತ್ತುವುದು ಸಭ್ಯತೆಯಲ್ಲ. ಅಷ್ಟಾಗಿಯೂ ಒಪ್ಪದ ವಾಚಕಮಹಾಶಯರು 33 ಇದ್ದೆಡೆಯಲ್ಲಿ 32 ಎಂದು ಬರೆದು, ಯಂತ್ರವನ್ನು ನಡೆಯಿಸಿ, ಕಾಲನ್ನು ಚಾಚಿ ಕುಳಿತುಕೊಳ್ಳಬಹುದು.