ಪಾಕದತ್ತೆ

ಸಂಕ್ರಾಂತಿಗೆ ವಾರವಿದೆ ಎನ್ನುವಾಗ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಬ್ಬರಿಗೆ ಎಲ್ಲಿಲ್ಲದ ಬೇಡಿಕೆ. ಬೀದಿಗೊಬ್ಬರಂತೆ ಇದ್ದೇ ಇರುವ ಈಕೆಯನ್ನು ಪಾಕದತ್ತೆ ಎನ್ನೋಣ. ವರ್ಷವಿಡೀ ಇವರ ಮಂಡಿನೋವು ವಿಚಾರಿಸದವರೂ ಈಗ "ಅತ್ತೆ, ಸಕ್ಕರೆ ಅಚ್ಚಿಗೆ ಇಟ್ಟಿದೀವಿ, ಒಂದ್ಸಲ ಬಂದು ಹದ ನೋಡಿ" ಎಂದು ಗೇಟಿನಲ್ಲೇ ಅಂಗಲಾಚುತ್ತಾರೆ.

ಅತ್ತೆ ಬಂದರೂ ಸೌಟು ಹಿಡಿಯುವುದಿಲ್ಲ. ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕಿಸಿಕೊಳ್ಳುತ್ತಾರೆ. ಸಕ್ಕರೆ ಕುದಿಸಿ, ಹಾಲು ಹಾಕಿ, ಮೇಲೆದ್ದ ಕೊಳೆಯನ್ನು ಬಟ್ಟೆಯಲ್ಲಿ ಸೋಸುವುದು, ನೆನೆದ ಮರದ ಅಚ್ಚುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯುವುದು, ಇವೆಲ್ಲ ಕೂಲಿ ಕೆಲಸ. ಅವರದು ಎರಡು ಬೆರಳಿನ ಕೆಲಸ. ಪಾಕವನ್ನು ಬೆರಳ ನಡುವೆ ಎಳೆದು "ಊಹೂಂ" ಎಂದರೆ ಮನೆಮಂದಿ ಉಸಿರು ಬಿಗಿಹಿಡಿಯಬೇಕು. "ಹ್ಞಾಂ, ಸುರಿ!" ಎಂದರೆ ಸುರಿಯಬೇಕು. ಅರೆಗಳಿಗೆ ತಡವಾದರೂ ಪಾಕ ಪಾತ್ರೆಯಲ್ಲೇ ಕಲ್ಲು.

ಹೊಸ ಸೊಸೆ ನೋಟ್‌ಬುಕ್ ಹಿಡಿದು ಕೇಳುತ್ತಾಳೆ:

"ಎಷ್ಟು ಹೊತ್ತು ಕಾಯಿಸ್ಬೇಕು ಅತ್ತೆ?"

"ಹದ ಬರೋವರೆಗೆ."

"ಹದ ಬಂದಿದ್ದು ಹೇಗೆ ಗೊತ್ತಾಗತ್ತೆ?"

"ಕಾಯಿಸ್ತಾ ಕಾಯಿಸ್ತಾ ಗೊತ್ತಾಗತ್ತೆ."

ಸೊಸೆ ಅದನ್ನೂ ಬರೆದುಕೊಳ್ಳುತ್ತಾಳೆ.

ಅಚ್ಚು ಚೆನ್ನಾಗಿ ಬಂದರೆ ಅತ್ತೆಯ ಕೈಗುಣ. ಕೆಟ್ಟರೆ ಕಾರಣಗಳಿಗೆ ಬರವಿಲ್ಲ: ಅಂಗಡಿಯವನ ಸಕ್ಕರೆ ಸರಿಯಿಲ್ಲ, ಅಚ್ಚು ನೆನೆದಿಲ್ಲ, ಯಾರೋ ನಿಂಬೆಹಣ್ಣು ಹೆಚ್ಚು ಹಿಂಡಿದ್ದಾರೆ. ಕೊನೆಯದರಲ್ಲಿ ಹುರುಳಿದೆ. ಹುಳಿ ಹೆಚ್ಚಾದರೆ ಸಕ್ಕರೆ ಹರಳುಗಟ್ಟಲು ಒಪ್ಪುವುದಿಲ್ಲ. ಗಿಳಿ ಕೊಕ್ಕನ್ನು ಅಚ್ಚಿನೊಳಗೇ ಬಿಟ್ಟು ಹೊರಬರುತ್ತದೆ.

ಇಂಥ ಅತ್ತೆಗೆ ಎದುರಾಳಿ ಎಂದರೆ ಆ ಮನೆಯ ಸಾಫ್ಟ್‌ವೇರ್ ಮಗ. ಪಾಕಕ್ಕೆಂದೇ ಥರ್ಮಾಮೀಟರ್ ತರಿಸಿರುತ್ತಾನೆ. ಅವನ ಪಟ್ಟಿಯಲ್ಲಿ 115 ಡಿಗ್ರಿ ಎಂದಿದೆ. ಅತ್ತೆ 112ಕ್ಕೇ "ಸುರಿ" ಎನ್ನುತ್ತಾರೆ. "ಇನ್ನೂ 3 ಡಿಗ್ರಿ ಬಾಕಿ ಇದೆ ಅತ್ತೆ" ಎಂದು ಅವನು ಕಾಯುತ್ತಾನೆ. ಪಾಕ ಕಾಯುವುದಿಲ್ಲ. ಆ ಪಟ್ಟಿ ಸಮುದ್ರಮಟ್ಟದ ಲೆಕ್ಕದ್ದು. ಬೆಂಗಳೂರು ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರೇ 97 ಡಿಗ್ರಿಯ ಆಸುಪಾಸಿಗೆ ಕುದಿಯುತ್ತದೆ, ಪಾಕವೂ ಅಷ್ಟು ಮುಂಚೆಯೇ ಹದಕ್ಕೆ ಬರುತ್ತದೆ. ಅತ್ತೆಗೆ ಇದು ಗೊತ್ತಿಲ್ಲ. ಗೊತ್ತಾದರೂ ತಮ್ಮ ಕೈಗುಣದಲ್ಲಿ ಸಮುದ್ರಕ್ಕೆ ಪಾಲು ಕೊಡುವವರಲ್ಲ.

ಕಲ್ಲಾದ ಪಾಕವನ್ನು ಇಣುಕಿ ನೋಡಿ ಅತ್ತೆ ಕನಿಕರದಿಂದಲೇ ಹೇಳುತ್ತಾರೆ: "ನೀರು ಹಾಕಿ ಕರಗಿಸಿ ಮತ್ತೆ ಇಡು, ಏನೂ ಆಗಲ್ಲ. ಆ ಕಡ್ಡೀನ ತೊಳೆದು ಜೋಪಾನವಾಗಿಡೋ ಮರಿ, ಯಾರಿಗಾದ್ರೂ ಜ್ವರ ಬಂದಾಗ ಬೇಕಾಗತ್ತೆ."