ತೊಡೆಮಟ್ಟದ ನೀರು

ಹಳೆ ಟೆಲಿಗ್ರಾಫ್ ದಾರಿ ಇರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕೇಪ್ ಯಾರ್ಕ್ ಪರ್ಯಾಯದ್ವೀಪದಲ್ಲಿ. ಬ್ರಾಮ್‌ವೆಲ್ ಜಂಕ್ಷನ್ ಎಂಬಲ್ಲಿ ಮುಖ್ಯ ರಸ್ತೆಯಿಂದ ಕವಲೊಡೆದು ಉತ್ತರಕ್ಕೆ ಹೋಗಿ ಜಾರ್ಡೀನ್ ನದಿಯ ದಂಡೆಯಲ್ಲಿ ಮುಗಿಯುತ್ತದೆ. ಉದ್ದ ನೂರು ಚಿಲ್ಲರೆ ಕಿಲೋಮೀಟರ್. ನಡುವೆ ಒಂದು ಡಜನ್‌ಗೂ ಹೆಚ್ಚು ಹಳ್ಳಗಳು. ಸೈಪ್ರೆಸ್ ಹಳ್ಳಕ್ಕೆ ಸೇತುವೆ ಇದೆ ಎಂದು ನಕ್ಷೆ ಹೇಳುತ್ತದೆ. ಹೋಗಿ ನೋಡಿದರೆ ಅಡ್ಡ ಹಾಸಿದ ಮರದ ದಿಮ್ಮಿಗಳು. 1880ರ ದಶಕದಲ್ಲಿ ತುದಿಯವರೆಗೆ ತಂತಿ ಎಳೆದಾಗ, ಅದು ಕಡಿದಾಗೆಲ್ಲ ಕಟ್ಟಿ ಬರಬೇಕಾದ ಲೈನ್‌ಮನ್‌ಗಳ ಓಡಾಟದಿಂದ ಆದ ದಾರಿ ಇದು. ನೂರು ವರ್ಷದ ಬಳಿಕ ತಂತಿ ನಿವೃತ್ತವಾಯಿತು; ಕಬ್ಬಿಣದ ಕಂಬಗಳು ಅಲ್ಲಲ್ಲಿ ಉಳಿದಿವೆ. ಕೆಲಸವಿದ್ದ ಕಾಲದಲ್ಲಿ ಈ ಕಡೆ ಬರಲು ಸಂಬಳ ಕೊಡಬೇಕಿತ್ತು. ಕೆಲಸ ಮುಗಿದ ಮೇಲೆ ಜನ ಕೈಯಿಂದ ದುಡ್ಡು ಹಾಕಿಕೊಂಡು ಬರತೊಡಗಿದರು.

ಪಕ್ಕದಲ್ಲೇ ಬೈಪಾಸ್ ರಸ್ತೆ ಇದೆ. ಮಣ್ಣಿನದೇ ಆದರೂ ಅಗಲವಾಗಿದೆ, ಕಷ್ಟದ ಹಳ್ಳಗಳನ್ನೆಲ್ಲ ಬಳಸಿಕೊಂಡು ಹೋಗುತ್ತದೆ, ಕೊನೆಗೆ ಅದೇ ನದಿಯ ಅದೇ ದಂಡೆಗೆ ಮುಟ್ಟಿಸುತ್ತದೆ. ಈ ಸಂಗತಿಯನ್ನು ಮನೆಯಲ್ಲಿ ಬಾಯಿಬಿಡದಿರುವುದು ಪ್ರಯಾಣದ ಸಿದ್ಧತೆಯಲ್ಲಿ ಮೊದಲನೆಯದು.

ಸಿದ್ಧತೆ ಮಾಡುವವನನ್ನು ಇಲ್ಲಿ ಯೋಜಕ ಎಂದು ಕರೆಯಲಾಗಿದೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡಿಗರಲ್ಲೂ ಈ ತಳಿ ಸಿಗುತ್ತದೆ. ಈ ವಿವರಣೆಯೂ ಆ ತಳಿಯವರಿಂದಲೇ ಬಂದದ್ದಾದ್ದರಿಂದ ನಿಷ್ಪಕ್ಷಪಾತವನ್ನು ಅತಿಯಾಗಿ ನಿರೀಕ್ಷಿಸಬಾರದು. ವಾರವಿಡೀ ಕಂಪ್ಯೂಟರಿನ ಮುಂದೆ ಕೂರುವ ಯೋಜಕನ ವಾಹನ ನೋಡಿರುವ ಅತಿ ದೊಡ್ಡ ನೀರು ಕಾರ್ ವಾಶ್‌ನದು. ಆದರೂ ಊಟದ ಮೇಜಿನ ಮೇಲೆ ಮೂರು ತಿಂಗಳಿಂದ ಕೇಪ್ ಯಾರ್ಕಿನ ನಕ್ಷೆ ಹರಡಿದೆ, ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಾರೆ. ನಕ್ಷೆಯ ಜೊತೆಗೆ ಎಕ್ಸೆಲ್ ಶೀಟ್ ಒಂದಿದೆ. ಪ್ರತಿ ಹಳ್ಳಕ್ಕೆ ಒಂದು ಸಾಲು. ತಳ ಮರಳೋ ಬಂಡೆಯೋ, ಏರು ಎಷ್ಟು ಕಡಿದು, ಸಿಕ್ಕಿಬಿದ್ದಾಗ ಎಳೆಯುವ ವಿಂಚಿನ ಹಗ್ಗ ಕಟ್ಟಲು ಮರ ಎಡಕ್ಕಿದೆಯೋ ಬಲಕ್ಕೋ ಎಂಬ ಅಂಕಣಗಳು. ಆಳ ಎಂಬ ಅಂಕಣ ಮಾತ್ರ ಖಾಲಿ. ಅದಕ್ಕೆ ಆಮೇಲೆ ಬರಬೇಕು.

ಕಾಲ ನಿರ್ಣಯ ಸುಲಭ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆಗಾಲ, ದಾರಿ ಮುಳುಗಿರುತ್ತದೆ. ಮೇ ತಿಂಗಳಲ್ಲಿ ಹೋದರೆ ನೀರು ಹೆಚ್ಚು, ಅಕ್ಟೋಬರಿನಲ್ಲಿ ಹೋದರೆ ಧೂಳು ಹೆಚ್ಚು. ಯೋಜಕ ಶಾಲೆಯ ರಜೆ ನೋಡಿ ಹೋಗುತ್ತಾನೆ.

ವಾಹನದ ವಿಷಯಕ್ಕೆ ಬಂದರೆ, ನೀರಿನಲ್ಲಿ ಎಷ್ಟು ಆಳಕ್ಕೆ ಇಳಿಯಬಹುದೆಂದು ತಯಾರಕರು ಒಂದು ಮಿತಿ ಹೇಳಿರುತ್ತಾರೆ. ಟೊಯೋಟಾ ಲ್ಯಾಂಡ್ ಕ್ರೂಸರ್‌ಗೆ 700 ಮಿಲಿಮೀಟರ್, ಫೋರ್ಡ್ ರೇಂಜರ್‌ಗೆ 800, ಏರ್ ಸಸ್ಪೆನ್ಷನ್ ಇರುವ ಹೊಸ ಲ್ಯಾಂಡ್ ರೋವರ್ ಡಿಫೆಂಡರ್‌ಗೆ 900. ಇದನ್ನು ಮೀರಿದರೆ ಎಂಜಿನ್ ಗಾಳಿಯ ಬದಲು ನೀರು ಕುಡಿಯುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಪ್ರವಾಸ ಅಲ್ಲಿಗೆ ಮುಗಿಯುತ್ತದೆ. ಇದಕ್ಕೆಂದೇ ಸ್ನಾರ್ಕೆಲ್ ಎಂಬ ಕೊಳವೆಯನ್ನು ಬಾನೆಟ್ಟಿನ ಪಕ್ಕದಿಂದ ಛಾವಣಿಯವರೆಗೆ ಏರಿಸಿ ಮೇಲಿನ ಗಾಳಿ ಎಳೆದುಕೊಳ್ಳುವಂತೆ ಮಾಡುತ್ತಾರೆ. ಮೆಲ್ಬರ್ನಿನ ಮಾಲ್‌ಗಳ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಸ್ನಾರ್ಕೆಲ್ ಹೊತ್ತ ವಾಹನಗಳ ಸಂಖ್ಯೆ ನೋಡಿದವರು ಆ ನಗರದಲ್ಲಿ ಪ್ರವಾಹ ದಿನನಿತ್ಯದ್ದು ಎಂದುಕೊಳ್ಳಬಹುದು.

ನೀರು ದಾಟುವಾಗ ವಾಹನದ ಮುಂಭಾಗಕ್ಕೆ ಟಾರ್ಪಾಲು ಕಟ್ಟಿ ನಡಿಗೆಯ ವೇಗದಲ್ಲಿ ಸಾಗಿದರೆ ಬಂಪರಿನ ಮುಂದೆ ಒಂದು ಅಲೆ ಏಳುತ್ತದೆ, ಅದರ ಹಿಂದೆ ಎಂಜಿನ್ ಇರುವಲ್ಲಿ ನೀರು ತಗ್ಗುತ್ತದೆ. ಜೋರಾಗಿ ನುಗ್ಗಿದರೆ ರೇಡಿಯೇಟರಿನ ಫ್ಯಾನಿನ ರೆಕ್ಕೆ ನೀರಿಗೆ ಬಾಗಿ ರೇಡಿಯೇಟರನ್ನೇ ಕೊರೆಯಬಹುದು. ಇನ್ನೊಂದು ಸೂಕ್ಷ್ಮವಿದೆ. ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಓಡಿ ಕಾದು ತಣ್ಣೀರಿಗೆ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಹಳ್ಳದ ಮುಂದೆ ವಾಹನವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಆರಲು ಬಿಡಬೇಕು. ಈ ನಿಯಮವನ್ನು ಎಲ್ಲ ಯೋಜಕರೂ ಪಾಲಿಸುತ್ತಾರೆ, ಅಗತ್ಯಕ್ಕಿಂತ ಬಹಳ ಹೆಚ್ಚು ಹೊತ್ತು.

ಸಾಮಾನಿನ ಪಟ್ಟಿ ಬೆಳೆಯುತ್ತಲೇ ಇರುತ್ತದೆ: ಎರಡು ಸ್ಪೇರ್ ಟೈರು, ಜೆರ್ರಿ ಕ್ಯಾನ್‌ಗಳಲ್ಲಿ ಡೀಸೆಲ್, ಎಳೆಯುವ ಪಟ್ಟಿ, ಮರಳಿಗೆ ಹಾಸುವ ಹಲಗೆ, ಸ್ಯಾಟಲೈಟ್ ಫೋನು, ಒಗ್ಗರಣೆ ಅವಲಕ್ಕಿಗೆ ಬೇಕಾದ ಸಕಲವೂ. ಇಂಥ ಪಟ್ಟಿಗೆ ಆ ನೆಲದಲ್ಲಿ ಇತಿಹಾಸವಿದೆ. 1848ರಲ್ಲಿ ಎಡ್ಮಂಡ್ ಕೆನಡಿ ಎಂಬ ಸರ್ವೇಯರ್ ಪರ್ಯಾಯದ್ವೀಪದ ತುದಿ ಮುಟ್ಟಲೆಂದು 13 ಜನರ ತಂಡ, 28 ಕುದುರೆ, 100 ಕುರಿ, ಜೊತೆಗೆ ಗಾಡಿಗಳನ್ನೂ ಕಟ್ಟಿಕೊಂಡು ಹೊರಟ. ಕಾಡು ಮತ್ತು ಜೌಗಿನಲ್ಲಿ ಗಾಡಿಗಳನ್ನು ಬೇಗನೆ ಬಿಟ್ಟುಬಿಡಬೇಕಾಯಿತು. ಆಮೇಲೆ ಕುದುರೆಗಳನ್ನು ತಿಂದರು. ಡಿಸೆಂಬರಿನಲ್ಲಿ, ತುದಿ ಇನ್ನು ಸಮೀಪವೆನ್ನುವಾಗ, ಎಸ್ಕೇಪ್ ನದಿಯ ಹತ್ತಿರ ಅಲ್ಲಿನ ಮೂಲನಿವಾಸಿಗಳ ಭರ್ಜಿಗೆ ಕೆನಡಿ ಸತ್ತ. ಅವನ ಜೊತೆಗಿದ್ದ, ಬಿಳಿಯರು ಜಾಕಿ ಜಾಕಿ ಎನ್ನುತ್ತಿದ್ದ ಗಾಲ್ಮಾರಾ ಎಂಬ ಮೂಲನಿವಾಸಿ ತರುಣ ಅವನನ್ನು ಮಣ್ಣು ಮಾಡಿ, ಒಬ್ಬನೇ ಕಾಡು ದಾಟಿ, ಕಾದು ನಿಂತ ಹಡಗಿಗೆ ಸುದ್ದಿ ಮುಟ್ಟಿಸಿದ. 13 ಜನರಲ್ಲಿ ಬದುಕಿದವರು ಮೂವರು. ನೆಲ ಯಾರದೋ ಅವರನ್ನು ಕೇಳಬೇಕೆಂಬ ಅಂಕಣ ಕೆನಡಿಯ ಪಟ್ಟಿಯಲ್ಲಿರಲಿಲ್ಲ. ಅವನ ನಂತರ ದನ ಹೊಡೆದುಕೊಂಡು ಬಂದವರು ಕೋವಿಯನ್ನೇ ಮುಂದಿಟ್ಟುಕೊಂಡು ಬಂದರು. ಈಗಿನ ಪ್ರವಾಸದ ಕೈಪಿಡಿಗಳು ಈ ಭಾಗವನ್ನು ಒಂದು ಪ್ಯಾರಾದಲ್ಲಿ ಮುಗಿಸಿ ಟೈರಿನ ಗಾಳಿಯ ಒತ್ತಡಕ್ಕೆ ಹೋಗುತ್ತವೆ.

ಟೈರಿನ ಗಾಳಿ ಇಳಿಸಿದ ಮೇಲೆ ಹಳ್ಳಗಳು. ಮೊದಲನೆಯ ಪಾಮ್ ಹಳ್ಳದಲ್ಲಿ ನೀರಿಗಿಂತ ಕೆಸರಿನ ಏರೇ ಕಷ್ಟ. ಡುಲ್‌ಹಂಟಿ, ಬರ್ಟಿ ಚೆಂದ. ಗನ್‌ಶಾಟ್ ಹಳ್ಳದ ಇಳಿಜಾರು ಗೋಡೆಯಷ್ಟೇ ನೆಟ್ಟಗಿದ್ದು ವಾಹನ ಮೂಗು ಕೆಳಗೆ ಮಾಡಿ ಬೀಳುತ್ತದೆ; ಇದನ್ನು ಇಳಿಯುವುದು ಎನ್ನುತ್ತಾರೆ. ಪಕ್ಕದಲ್ಲಿ ಸುಲಭದ ದಾರಿಗಳಿವೆ. ಆದರೆ ದಂಡೆಯ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು, ಯಾರದಾದರೂ ವಾಹನ ಮಗುಚಲಿ ಎಂದು ಕ್ಯಾಮೆರಾ ಹಿಡಿದು ಕುಳಿತವರ ಎದುರು ಸುಲಭದ ದಾರಿ ಹಿಡಿಯಲು ವಿಶೇಷ ಧೈರ್ಯ ಬೇಕು. ವೀಡಿಯೊಗೆಂದೇ ಚಕ್ರ ತಿರುಗಿಸಿ ತಿರುಗಿಸಿ ಇಳಿಜಾರನ್ನು ಇನ್ನಷ್ಟು ಕೊರೆದು ಹಾಳುಮಾಡುವವರೂ ಇದ್ದಾರೆ. ಅವರ ಡಿಫರೆನ್ಷಿಯಲ್‌ಗೆ ನೀರು ನುಗ್ಗಲಿ.

ಮುಂದಿನದು ಕಾಕಟೂ ಹಳ್ಳ. ತಳ ಬಂಡೆ, ಬಂಡೆಯಲ್ಲಿ ಗುಂಡಿಗಳು. ಗುಂಡಿಗೆ ಚಕ್ರ ಬಿದ್ದರೆ ವಾಹನ ವಾಲುತ್ತದೆ. ಆದ್ದರಿಂದ ನಾಲ್ಕು ಚಕ್ರದ ಶಾಸ್ತ್ರದ ಮೊದಲ ಸೂತ್ರ, ಎಲ್ಲ ಕೈಪಿಡಿಗಳಲ್ಲೂ ದಪ್ಪಕ್ಷರದಲ್ಲಿರುವುದು: ಕೋಲು ಹಿಡಿದು ನಡೆದು ನೋಡದೆ ವಾಹನ ಇಳಿಸಬೇಡಿ. ಅದೇ ಹಳ್ಳದ ದಂಡೆಯಲ್ಲಿ ಸರ್ಕಾರ ನೆಟ್ಟ ಹಳದಿ ಫಲಕದ ಸೂತ್ರ: ಮೊಸಳೆಗಳಿವೆ, ನೀರಿಗಿಳಿಯಬೇಡಿ. ಕ್ವೀನ್ಸ್‌ಲ್ಯಾಂಡಿನ ಈ ಫಲಕಗಳಲ್ಲಿ ಎಚ್ಚರಿಕೆ ಜರ್ಮನ್ ಮತ್ತು ಚೀನೀ ಭಾಷೆಯಲ್ಲೂ ಇರುತ್ತದೆ. ಕನ್ನಡದಲ್ಲಿಲ್ಲ, ಆದರೆ ಬಾಯಿ ತೆರೆದ ಮೊಸಳೆಯ ಚಿತ್ರವಿದೆ.

ಇದು ಉಪ್ಪುನೀರಿನ ಮೊಸಳೆ. ಹೆಸರು ಹಾಗಿದ್ದರೂ ಸಿಹಿನೀರಿನಲ್ಲೂ ಬಹುದೂರ ಮೇಲೆ ಬರುತ್ತದೆ. ಗಂಡು ಐದು ಮೀಟರಿಗೂ ಮೀರಿ ಬೆಳೆಯುತ್ತದೆ, ಮೊಣಕಾಲುದ್ದದ ಕಲಕು ನೀರಿನಲ್ಲೂ ಕಾಣದಂತೆ ಇರಬಲ್ಲದು. ನೀರಿನಂಚಿನಿಂದ ಕನಿಷ್ಠ 5 ಮೀಟರ್ ದೂರವಿರಿ, ಡೇರೆಯನ್ನು 50 ಮೀಟರ್ ಆಚೆ ಹಾಕಿ ಎನ್ನುತ್ತದೆ ರಾಜ್ಯದ ಪರಿಸರ ಇಲಾಖೆ. 2017ರ ಜನವರಿಯಲ್ಲಿ ನಾರ್ದರ್ನ್ ಟೆರಿಟರಿಯ ಕೇಹಿಲ್ಸ್ ಕ್ರಾಸಿಂಗ್‌ನಲ್ಲಿ, ಕಾಂಕ್ರೀಟ್ ಹಾಸಿದ ಕಡವನ್ನು ನಡೆದು ದಾಟಲು ಹೋದ ಒಬ್ಬನನ್ನು ಮೊಸಳೆ ಎಳೆದುಕೊಂಡು ಕೊಂದಿತು. ಫಲಕವನ್ನು ತಮಾಷೆಯಾಗಿ ನೋಡುವಂತಿಲ್ಲ.

ಹೀಗೆ ನಡೆಯದೆ ವಾಹನ ಇಳಿಸುವಂತಿಲ್ಲ, ನೀರಿಗಿಳಿಯದೆ ನಡೆಯುವಂತಿಲ್ಲ, ನೀರಿಗಂತೂ ಇಳಿಯುವಂತಿಲ್ಲ. ಮೂರು ತಿಂಗಳ ಯೋಜನೆ, ಎಕ್ಸೆಲ್ ಶೀಟು, ಸ್ನಾರ್ಕೆಲ್ ಎಲ್ಲವೂ ಬಂದು ಕೈಕಟ್ಟಿ ನಿಲ್ಲುವ ಜಾಗ ಇದು. ನಮ್ಮ ತರ್ಕಶಾಸ್ತ್ರಜ್ಞರು ಜ್ಞಾನಕ್ಕೆ ಹೇಳಿದ ಪ್ರಮಾಣಗಳಲ್ಲಿ ಪ್ರತ್ಯಕ್ಷ ಇಲ್ಲಿ ಮೊಸಳೆಯ ಪಾಲು. ಉಳಿದದ್ದು ಅನುಮಾನ. ಐದು ಮೀಟರ್ ದೂರದಿಂದ ಆಳ ನೋಡಲು ಐದು ಮೀಟರಿಗಿಂತ ಉದ್ದದ ಕೋಲು ಬೇಕು. ಅಂಥದ್ದು ವಾಹನದಲ್ಲಿ ಹಿಡಿಸುವುದಿಲ್ಲ. ಕಲ್ಲೆಸೆದು ಸದ್ದು ಕೇಳುವ ವಿಧಾನವಿದೆ. ಯೋಜಕ ಕಲ್ಲೆಸೆದು ತಲೆ ವಾಲಿಸಿ ಆಲಿಸುತ್ತಾನೆ. ಬುಳುಕ್ ಎಂದರೆ ಆಳ, ಚಳಕ್ ಎಂದರೆ ಆಳವಿಲ್ಲ. ಕಲ್ಲು ಎರಡರ ನಡುವಿನ ಸದ್ದು ಮಾಡುತ್ತದೆ. ಡ್ರೋನ್ ಹಾರಿಸಿದರೆ ಪರದೆಯಲ್ಲಿ ನೀರಿನ ಮೇಲೆ ಹೊಳೆಯುವ ಸೂರ್ಯನೂ ಅದರ ಪಕ್ಕದಲ್ಲಿ ದಿಮ್ಮಿಯಿರಬಹುದಾದ ಏನೋ ಒಂದೂ ಕಾಣುತ್ತದೆ. ಇಷ್ಟರಲ್ಲಿ ವಾಹನದೊಳಗಿಂದ ಮನೆಯಾಕೆಯ ದನಿ: “ರೀ, ಆ ಬೋರ್ಡು ನನಗೆ ಇಲ್ಲಿಂದ ಕಾಣ್ತಿದೆ, ನಿಮಗೆ ಪಕ್ಕದಲ್ಲೇ ನಿಂತು ಕಾಣಲ್ವಾ?”

ಹಾಗಾಗಿ ಶಬ್ದಪ್ರಮಾಣವೇ ಗತಿ, ಅಂದರೆ ಆಪ್ತವಾಕ್ಯ. ಉತ್ತರದಿಂದ ದಾಟಿ ಬಂದವರನ್ನು ನಿಲ್ಲಿಸಿ ಆಳ ಎಷ್ಟೆಂದು ಕೇಳುವುದು. ಕೇಪ್ ಯಾರ್ಕಿನಲ್ಲಿ ಇದಕ್ಕೆ ಉತ್ತರ ಮಿಲಿಮೀಟರಿನಲ್ಲಿ ಬರುವುದಿಲ್ಲ, ಅಂಗಾಂಗಗಳಲ್ಲಿ ಬರುತ್ತದೆ. ಕಾಕಟೂವಿನದು ತೊಡೆಮಟ್ಟ. ಯೋಜಕ ಥ್ಯಾಂಕ್ಸ್ ಹೇಳಿ, ಖಾಲಿ ಅಂಕಣದಲ್ಲಿ ‘ತೊಡೆ’ ಎಂದು ಬರೆದುಕೊಂಡು, ಆಮೇಲೆ ತಲೆಯೆತ್ತಿ ನೋಡುತ್ತಾನೆ. ಹೇಳಿದವನ ಚಡ್ಡಿ ಒಣಗಿದೆ. ಬೂಟು ಒಣಗಿದೆ. ಸಾಕ್ಸ್ ಕೂಡ.

ಇಲ್ಲಿಂದ ಸಂಶೋಧನೆ ಗಂಭೀರವಾಗುತ್ತದೆ. ನೀವು ಇಳಿದು ನೋಡಿದಿರಾ ಎಂದು ಕೇಳಿದರೆ, ಮೊಸಳೆ ಇದೆಯಲ್ಲ ಎನ್ನುತ್ತಾನೆ. ಹಾಗಾದರೆ ತೊಡೆ ಯಾರದು? ಇಂದು ಬೆಳಿಗ್ಗೆ ಆಚೆ ದಂಡೆಯಲ್ಲಿ ಸಿಕ್ಕವರು ಹೇಳಿದ್ದು. ಅವರದು ಒದ್ದೆಯಾಗಿತ್ತೇ? ಗಮನಿಸಲಿಲ್ಲ. ಅವರಿಗೆ ಹೇಳಿದವರು ನಿನ್ನೆಯ ಒಂದು ಜರ್ಮನ್ ದಂಪತಿ. ಅವರು ಫಲಕವನ್ನು ತಮ್ಮ ಭಾಷೆಯಲ್ಲೇ ಓದಿಕೊಂಡವರಾದ್ದರಿಂದ ಇಳಿದಿರಲಾರರು. ಹೀಗೆ ಗುರುಪರಂಪರೆಯಂತೆ ಬಾಯಿಂದ ಬಾಯಿಗೆ ಬಂದ ಈ ತೊಡೆಯ ಮೂಲಪುರುಷ ಮೇ ತಿಂಗಳಲ್ಲಿ ಎಂದೋ ಫಲಕ ನೋಡದೆ ಇಳಿದವನಿರಬೇಕು. ಅವನು ಎಷ್ಟು ಎತ್ತರದವನು? ಇದು ಕುಹಕದ ಪ್ರಶ್ನೆಯಲ್ಲ. ಆರೂವರೆ ಅಡಿ ಎತ್ತರದ ದನಗಾಹಿಯ ನಡುತೊಡೆಗೂ ಐದೂವರೆ ಅಡಿಯ ಸಾಫ್ಟ್‌ವೇರ್ ಎಂಜಿನಿಯರನದಕ್ಕೂ ಸುಮಾರು 100 ಮಿಲಿಮೀಟರ್ ವ್ಯತ್ಯಾಸ. ಅದು ಸರಿಯಾಗಿ ಲ್ಯಾಂಡ್ ಕ್ರೂಸರಿಗೂ ರೇಂಜರಿಗೂ ಇರುವ ಅಂತರ. ತೊಡೆಯಲ್ಲೇ ಮೇಲ್ತೊಡೆ, ಕೆಳತೊಡೆ ಇವೆ. ಮೇ ತಿಂಗಳ ತೊಡೆ ಆಗಸ್ಟಿನಲ್ಲಿ ಮೊಣಕಾಲಾಗಿರಲೂಬಹುದು.

ಇದೇ ಲೆಕ್ಕದಲ್ಲಿ ದಂಡೆಯ ಮೇಲೆ ಏಳೆಂಟು ವಾಹನಗಳು ಸೇರುತ್ತವೆ. ಮುಂದೆ ಹೋದವರನ್ನು ನೋಡಿ ಆಳ ತಿಳಿಯುವುದೇ ಕ್ಷೇಮವೆಂದು ಎಲ್ಲ ಕೈಪಿಡಿಗಳೂ ಹೇಳಿರುವುದರಿಂದ, ಎಲ್ಲರೂ ಎರಡನೆಯವರಾಗಿ ಹೋಗಲು ಸಿದ್ಧರಾಗಿ ಕಾಯುತ್ತಾರೆ. ಒಬ್ಬ ಬಾನೆಟ್ ಎತ್ತಿ ಸುಮ್ಮನೆ ನೋಡುತ್ತಾನೆ. ಒಬ್ಬ ಮೂರನೆಯ ಸಲ ಟೈರಿನ ಗಾಳಿ ಅಳೆಯುತ್ತಾನೆ. ಡಿಫರೆನ್ಷಿಯಲ್‌ಗಳು ತಣ್ಣಗಾಗಿ ಎಷ್ಟೋ ಹೊತ್ತಾಗಿದೆ. ಚಹಾ ಕುದಿಯುತ್ತದೆ, ಚಟ್ನಿಪುಡಿ ಸವರಿದ ಬ್ರೆಡ್ ಅಪರಿಚಿತರಿಗೂ ಹಂಚಿಕೆಯಾಗುತ್ತದೆ, ‘ನೀವು ಮೊದಲು’ ‘ಇಲ್ಲ ಇಲ್ಲ, ನೀವೇ’ ಎಂಬ ಸೌಜನ್ಯ ಮಧ್ಯಾಹ್ನದವರೆಗೂ ಉಕ್ಕಿ ಹರಿಯುತ್ತದೆ. ಕೊನೆಗೆ ಯಾರದೋ ಮಗು ಶೌಚಕ್ಕೆ ಅವಸರ ಮಾಡಿ, ಪೊದೆಗಿಂತ ಮುಂದಿನ ಕ್ಯಾಂಪಿನ ಶೌಚಾಲಯವೇ ಬೇಕೆಂದು ಹಟ ಹಿಡಿದು, ಆ ಸಂಸಾರ ಮೊದಲು ಇಳಿಯುತ್ತದೆ. ನೀರು ಬಾಗಿಲಿನ ಕೆಳ ಅಂಚಿಗೆ ಬರುತ್ತದೆ. ಹಿಂದಿನಿಂದ ಎಲ್ಲರೂ ಸಾಲಾಗಿ, ತಮಗಿದು ಮೊದಲೇ ಗೊತ್ತಿತ್ತೆಂಬ ಮುಖದಲ್ಲಿ ದಾಟುತ್ತಾರೆ. ಆಚೆ ದಂಡೆಯಲ್ಲಿ ಎದುರಾದವರು ಯೋಜಕನ ಕಿಟಕಿಯ ಬಳಿ ಬಂದು ಆಳ ಎಷ್ಟೆಂದು ಕೇಳುತ್ತಾರೆ. ಒಣ ಪ್ಯಾಂಟಿನ ಮೇಲೆ ಒಮ್ಮೆ ಕೈಯಾಡಿಸಿ, ತೊಡೆಮಟ್ಟ ಎನ್ನುತ್ತಾನೆ.

ಮುಂದೆ ಫ್ರೂಟ್ ಬ್ಯಾಟ್ ಜಲಪಾತ ಸಿಗುತ್ತದೆ. ಸ್ಯಾಮ್, ಮಿಸ್ಟೇಕ್, ಕ್ಯಾನಿಬಲ್ ಹಳ್ಳಗಳ ಹೆಸರೇ ಭಯ. ಕಡೆಯದಾದ ನೋಲನ್ಸ್ ಬ್ರೂಕ್‌ನಲ್ಲಿ ನೀರು ತಿಳಿಯಾಗಿ ತಳ ಕಾಣುತ್ತದೆ, ಆಳವೂ ಎಲ್ಲಕ್ಕಿಂತ ಹೆಚ್ಚು, ತಳ ಮರಳು. ಪ್ರತಿ ವರ್ಷ ವಾಹನಗಳು ಮುಳುಗುವುದು ಇಲ್ಲೇ. ಬಾಡಿಗೆ ವಾಹನದ ಕರಾರುಗಳಲ್ಲಿ ನೀರಿನ ಹಾನಿಗೆ ಸಾಮಾನ್ಯವಾಗಿ ವಿಮೆ ಇರುವುದಿಲ್ಲ ಎಂಬ ಸಣ್ಣಕ್ಷರವನ್ನು ಹಲವರು ಓದುವುದೂ ಇಲ್ಲೇ.

ಜಾರ್ಡೀನ್ ನದಿಯನ್ನು ಹಿಂದೆ ವಾಹನದಲ್ಲೇ ದಾಟುತ್ತಿದ್ದರು. ಈಗ ಆ ಸಾಹಸ ಬೇಡವೆಂಬುದೇ ಎಲ್ಲರ ಸಲಹೆ. ಸ್ಥಳೀಯ ಮೂಲನಿವಾಸಿ ಮತ್ತು ಟೊರೆಸ್ ಜಲಸಂಧಿ ಜನರ ಕೌನ್ಸಿಲ್ ನಡೆಸುವ ಫೆರ್ರಿ ಇದೆ. ಹಿಂದೆ ಸಿಗಂದೂರಿನ ಲಾಂಚ್ ಹತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ, ಇದು ಇನ್ನೂ ಚಿಕ್ಕದು, ದೂರವೂ ಕೆಲವೇ ನಿಮಿಷದ್ದು. ಟಿಕೆಟ್ಟಿನ ದರ ಕೇಳಿ ಗೊಣಗುವವರಿದ್ದಾರೆ. ಸ್ನಾರ್ಕೆಲ್‌ಗೆ ಅದರ ಎಷ್ಟೋ ಪಟ್ಟು ಸುರಿದವರು ಅವರೇ. ಬೈಪಾಸಿನಲ್ಲಿ ಬಂದ ಸಂಸಾರಗಳೂ ಅದೇ ಫೆರ್ರಿಯಲ್ಲಿ, ಬಟ್ಟೆ ಕೊಳೆಯಾಗದೆ ನಿಂತಿರುತ್ತವೆ. ಅವರೊಡನೆ ಮಾತಿಗೆ ನಿಲ್ಲಬಾರದು.

ನದಿಯಾಚೆ ಬಮಾಗಾ ಊರು. ಅಲ್ಲಿಂದ ಖಂಡದ ಉತ್ತರ ತುದಿಗೆ ಹೋಗುವ ಕೊನೆಯ ತುಂಡು ಬಂಡೆಗಳ ಮೇಲೆ. ವಾಹನವನ್ನು ಬಿಟ್ಟು ನಡೆಯಬೇಕು. ದಕ್ಷಿಣದ ಕೇರ್ನ್ಸ್ ನಗರಕ್ಕೆ ಮರಳಿದ ಮೇಲೆ ಡಿಫರೆನ್ಷಿಯಲ್ ಎಣ್ಣೆ ಇಳಿಸಿ ನೋಡಬೇಕು. ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ನುಗ್ಗಿದೆ ಎಂದರ್ಥ. ಎಣ್ಣೆಯನ್ನೂ ಸೀಲುಗಳನ್ನೂ ಬದಲಿಸಬೇಕು. ತಿರುಗದಿದ್ದರೂ ಎಣ್ಣೆ ಬದಲಿಸುವುದು ಒಳ್ಳೆಯದು.