ಹಳೇ ಕಾರು ಕೆಡೋದೇ ಇಲ್ಲ ಸ್ವಾಮಿ!

ಹಳೇ ಕಾರಿನ ಭಕ್ತರ ಜೊತೆ ವಾದಕ್ಕೆ ಕೂರುವುದಾದರೆ ಕಾಫಿ ಕುಡಿದೇ ಕೂರಿ, ಬೇಗ ಮುಗಿಯುವುದಿಲ್ಲ. "ನಮ್ಮ ಅಂಬಾಸಿಡರ್ ಒಂದು ದಿನ ಕೈಕೊಟ್ಟಿದ್ದಿಲ್ಲ ಕಣಯ್ಯ. ಈಗಿನವೆಲ್ಲ ತಗಡಿನ ಡಬ್ಬ!" ಹಾಗಾದರೆ ಶಿರಾಡಿ ಘಾಟಿಯಲ್ಲಿ ನಿಂತಿದ್ದು? "ಅದು ಕೆಟ್ಟಿದ್ದಲ್ಲಪ್ಪ, ಬಿಸಿಯಾಗಿದ್ದು."

ಆ ಬಿಸಿಯ ಕಥೆ ಹೀಗೆ. ಏರು ಹತ್ತುವಾಗ ಎಂಜಿನ್ ಕಾವಿಗೆ ಪೆಟ್ರೋಲು ಫ್ಯೂಯೆಲ್ ಪಂಪಿನೊಳಗೇ ಆವಿಯಾಗುತ್ತದೆ. ಆವಿಯನ್ನು ಎಳೆಯಲಾರದೆ ಪಂಪು ಮುಷ್ಕರ ಹೂಡುತ್ತದೆ. ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಮಕ್ಕಳನ್ನು ಇಳಿಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದರೆ ಊಟ ಮುಗಿಯುವಷ್ಟರಲ್ಲಿ ಎಲ್ಲ ತಣ್ಣಗೆ. ಇದನ್ನವರು ಬರೆದುಕೊಳ್ಳುವುದು ಪಿಕ್ನಿಕ್ ಲೆಕ್ಕಕ್ಕೆ. ಕರಿ ಹಿಡಿದ ಇಗ್ನಿಷನ್ ಪಾಯಿಂಟನ್ನು ಎಮರಿ ಪೇಪರಿನಲ್ಲಿ ಉಜ್ಜಿದ್ದು, ಕಾರ್ಬ್ಯುರೇಟರಿನ ಜೆಟ್ ಬಿಚ್ಚಿ ಬಾಯಲ್ಲಿ ಊದಿದ್ದು ಯಾವ ಲೆಕ್ಕಕ್ಕೂ ಇಲ್ಲ. ಅದೇ ಅಳಿಯನ ಹೊಸ ಕಾರಿನಲ್ಲಿ ಒಂದು ಹಳದಿ ದೀಪ ಹೊತ್ತಿತೋ, "ನೋಡಿದ್ಯಾ, ಕೆಟ್ಟು ಕೂತಿತು!" ಕಾರು ಪಾಪ ಓಡುತ್ತಲೇ ಇರುತ್ತದೆ.

ಇನ್ನು ಅಲಂಕಾರ ಮಾಡಿ ನಿಲ್ಲಿಸಿದ ಕಾರು ತೋರಿಸಿ, "50 ವರ್ಷವಾದರೂ ಹೆಂಗಿದೆ!" ಎನ್ನುವ ವಾದ. ಅದರ ಒಡಹುಟ್ಟಿದವೆಲ್ಲ ಗುಜರಿ ಸೇರಿದವಲ್ಲ, ಅವು ಸಾಕ್ಷಿ ಹೇಳಲು ಬರುವುದಿಲ್ಲ. ಇದಕ್ಕೋ ಭಾನುವಾರದ ಸವಾರಿ, ಮಳೆ ಬಂದರೆ ಅದೂ ರಜೆ. ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎ.ಸಿ. ಹಾಕಿಕೊಂಡು ಬೇಯುವ ಕಾರಿನ ಜೊತೆ ಇದನ್ನು ತೂಗಿದರೆ ತಕ್ಕಡಿಯೇ ನಕ್ಕೀತು.

ಹಾಗಂತ ಅಳಿಯಂದಿರು ಬೀಗಬೇಕಿಲ್ಲ. ಹೆಚ್ಚುಕಡಿಮೆ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಆಕಾರದಲ್ಲೇ 2014ರವರೆಗೆ ಉತ್ತರಪಾಡಾದ ಕಾರ್ಖಾನೆಯಿಂದ ಹೊರಬಂದ ಅಂಬಾಸಿಡರ್ ಎಲ್ಲಿ ನಿಂತರೂ ಒಬ್ಬ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಪ್ರತ್ಯಕ್ಷನಾಗುತ್ತಿದ್ದ. ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟು, ಕಂಡೆನ್ಸರು, ನೀರಿನ ಕ್ಯಾನು. ಹೊಸ ಕಾರು ನಿಲ್ಲುವುದೇ ಅಪರೂಪ, ಆದರೆ ನಿಂತರೆ ಲ್ಯಾಪ್‌ಟಾಪ್ ಬರುವವರೆಗೆ ಕದಲುವುದಿಲ್ಲ. ಚಿಪ್ ಇರುವ ಕೀ ಕಳೆದರಂತೂ ಮನೆ ಮುಂದಿನ ಕಾರೂ ಅನ್ಯರದ್ದೇ. ನನ್ನನ್ನು ಕೇಳಿದರೆ, ರಾತ್ರಿ ಹೊರಟು ಬೆಳಗ್ಗೆ ಮಂಗಳೂರು ಮುಟ್ಟಬೇಕಾದರೆ ಹೊಸದೇ ಸರಿ. ಕೆಟ್ಟ ಮೇಲೂ ಮುಟ್ಟಬೇಕಾದರೆ ಹಳೇದು.

ನ್ಯಾಯ ಬೇಕೇ ಬೇಕೆಂದರೆ ಒಂದು ಪಂದ್ಯ ಕಟ್ಟಿ. ಮಾವನವರು ಒಂದು ತಿಂಗಳು ಬಾನೆಟ್ ಎತ್ತದೆ ಅಂಬಾಸಿಡರ್ ಓಡಿಸಲಿ. ಅಳಿಯಂದಿರು ತಮ್ಮ ಕಾರಿನ ಬಾನೆಟ್ ಹೇಗೆ ತೆಗೆಯುವುದೆಂದು ಫೋನ್ ನೋಡದೆ ತೋರಿಸಲಿ. ಈವರೆಗೆ ಇಬ್ಬರೂ ಒಪ್ಪಿಲ್ಲ.